ಕಳೆ ಕೀಳಲು ಬಂದವರೇ ನೀರು ಹಾಯಿಸಿದಾಗ: ಎಂಡೊಮೆಟ್ರಿಯೋಸಿಸ್‌ನಲ್ಲಿ ರೋಗನಿರೋಧಕ ಕೋಶಗಳು

ಮುಟ್ಟಿನ ರಕ್ತವೆಲ್ಲ ಹೊರಗೇ ಹೋಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಒಂದಿಷ್ಟು ಪಾಲು ಹಿಮ್ಮುಖವಾಗಿ, ಅಂಡನಾಳಗಳ ಮೂಲಕ ಹೊಟ್ಟೆಯೊಳಕ್ಕೂ ಇಳಿಯುತ್ತದೆ. ಗರ್ಭಕೋಶದ ಒಳಪದರದ ಚೂರುಗಳು ಹೀಗೆ ಒಳಗೆ ಬಿದ್ದು ಬೇರುಬಿಡುವುದರಿಂದಲೇ ಎಂಡೊಮೆಟ್ರಿಯೋಸಿಸ್ ಬರುತ್ತದೆ ಎಂದು ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ 1927ರಲ್ಲಿ ವಾದಿಸಿದರು. ಈ ವಾದ ಇಂದಿಗೂ ನಿಂತಿದೆ, ಆದರೆ ಅರ್ಧಕ್ಕೇ ನಿಂತಿದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಾಳಗಳು ತೆರೆದಿದ್ದ ಮಹಿಳೆಯರನ್ನು ಮುಟ್ಟಿನ ಆಸುಪಾಸಿನಲ್ಲಿ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವುದು) ಮಾಡಿ ನೋಡಿದಾಗ ಶೇಕಡಾ 90ರಷ್ಟು ಮಂದಿಯ ಹೊಟ್ಟೆಯ ದ್ರವದಲ್ಲಿ ರಕ್ತ ಸಿಕ್ಕಿತು. ಕಾಯಿಲೆ ಇರುವುದು ಮಾತ್ರ ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು ಶೇಕಡಾ 10ರಷ್ಟು ಮಂದಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ 19 ಕೋಟಿ.

ಹಾಗಾದರೆ ಉಳಿದವರ ಹೊಟ್ಟೆಯೊಳಗೆ ಬಿದ್ದ ಚೂರುಗಳು ಎಲ್ಲಿ ಹೋದವು? ಅವನ್ನು ಗುಡಿಸಿ ಹಾಕಿದವರು ಯಾರು?

ಉತ್ತರ ರೋಗನಿರೋಧಕ ಕೋಶಗಳತ್ತ ಬೊಟ್ಟು ಮಾಡುತ್ತದೆ. ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿಕೊಳ್ಳುತ್ತದೆ: ‘ಓ, ಇಮ್ಯೂನಿಟಿ ಕಡಿಮೆಯಾಗಿದ್ದಕ್ಕೆ ಬಂದಿದೆ’ ಎಂದು. ಎಂಡೊಮೆಟ್ರಿಯೋಸಿಸ್ ಇರುವವರ ಹೊಟ್ಟೆಯ ದ್ರವವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ರೋಗನಿರೋಧಕ ಕೋಶಗಳು ಕಡಿಮೆ ಕಾಣುವುದಿಲ್ಲ, ಹೆಚ್ಚು ಕಾಣುತ್ತವೆ. ಕಳೆ ಕೀಳಲು ಕರೆಸಿದ ಆಳುಗಳು ದಂಡಿಯಾಗಿ ಬಂದಿದ್ದಾರೆ, ದಿನವಿಡೀ ದುಡಿಯುತ್ತಲೂ ಇದ್ದಾರೆ. ಆದರೆ ಕಳೆ ಕೀಳುವ ಬದಲು ಅದಕ್ಕೆ ನೀರು ಹಾಯಿಸಿ ಗೊಬ್ಬರ ಹಾಕುತ್ತಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವುದಕ್ಕಿಂತ ಇದು ವಿಚಿತ್ರವಾದ ಸ್ಥಿತಿ, ಏಕೆಂದರೆ ಈ ಆಳುಗಳಿಗೆ ಕೆಟ್ಟ ಉದ್ದೇಶವೇನೂ ಇಲ್ಲ. ಗರ್ಭಕೋಶದೊಳಗೆ ಪ್ರತಿ ತಿಂಗಳು ಮಾಡಬೇಕಾದ ಕೆಲಸವನ್ನೇ ಅವರು ಬೇರೆ ಜಾಗದಲ್ಲಿ ಮಾಡುತ್ತಿದ್ದಾರೆ.

ಅದು ಹೇಗೆ ಎಂದು ತಿಳಿಯಲು ಮೊದಲು ಗರ್ಭಕೋಶದೊಳಗೆ ಇಣುಕಬೇಕು. ಮುಟ್ಟು ಎಂದರೆ ಒಂದು ಗಾಯ. ಒಳಪದರ ಕಳಚಿ ಬೀಳುತ್ತದೆ, ರಕ್ತನಾಳಗಳು ತೆರೆದುಕೊಳ್ಳುತ್ತವೆ, ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್ ಎಂಬ ಬಿಳಿರಕ್ತಕಣಗಳು ನುಗ್ಗಿ ಬಂದು ಸತ್ತ ಕೋಶಗಳನ್ನು ತಿಂದುಹಾಕುತ್ತವೆ, ಹೊಸ ರಕ್ತನಾಳಗಳನ್ನು ಎಬ್ಬಿಸುತ್ತವೆ. ಕೆಲವೇ ದಿನಗಳಲ್ಲಿ ಗಾಯದ ಕಲೆಯೂ ಉಳಿಯದಂತೆ ಪದರ ಮತ್ತೆ ಬೆಳೆಯುತ್ತದೆ. ಹೆಣ್ಣಿನ ಆಯಸ್ಸಿನಲ್ಲಿ ಇಂಥದ್ದು 400ರಷ್ಟು ಸಲವಾದರೂ ನಡೆಯುತ್ತದೆ. ಚರ್ಮದ ಮೇಲೆ ಒಂದೇ ಜಾಗದಲ್ಲಿ ಹತ್ತು ಸಲ ಗಾಯವಾದರೆ ಎಂಥ ಗಂಟು ಉಳಿದೀತು ಎಂದು ಯೋಚಿಸಿ. ದೇಹದ ದುರಸ್ತಿ ವ್ಯವಸ್ಥೆಯ ಅತ್ಯುತ್ತಮ ಕೆಲಸ ನಡೆಯುವುದು ಗರ್ಭಕೋಶದಲ್ಲೇ ಎಂದರೆ ತಪ್ಪಾಗದು.

ಇದೇ ಪದರದ ಚೂರು ಅಂಡಾಶಯದ ಮೇಲೋ, ಕಿಬ್ಬೊಟ್ಟೆಯ ಒಳಪೊರೆಯಾದ ಪೆರಿಟೋನಿಯಂ ಮೇಲೋ ಅಂಟಿಕೊಂಡರೆ ಅಲ್ಲಿಯೂ ಹಾರ್ಮೋನಿನ ತಾಳಕ್ಕೆ ಉಬ್ಬುತ್ತದೆ, ಒಡೆಯುತ್ತದೆ, ರಕ್ತ ಒಸರುತ್ತದೆ. ಆದರೆ ಅಲ್ಲಿಂದ ಹೊರಕ್ಕೆ ದಾರಿಯಿಲ್ಲ. ಗಾಯ ಒಣಗುವ ಮೊದಲೇ ಮುಂದಿನ ತಿಂಗಳು ಬಂದಿರುತ್ತದೆ. ಕಲೆಯಿಲ್ಲದೆ ಮುಗಿಯಬೇಕಿದ್ದ ದುರಸ್ತಿ ಇಲ್ಲಿ ನಾರುಗಟ್ಟುತ್ತದೆ.

ಹೊಟ್ಟೆಯೊಳಗಿನ ಆ ಕೆಲವು ಚಮಚ ದ್ರವ

ಕರುಳು, ಗರ್ಭಕೋಶ, ಅಂಡಾಶಯಗಳು ಒಂದಕ್ಕೊಂದು ಉಜ್ಜಿಕೊಳ್ಳದೆ ಜಾರಲಿ ಎಂದು ಕಿಬ್ಬೊಟ್ಟೆಯಲ್ಲಿ ಸ್ವಲ್ಪ ದ್ರವ ಇರುತ್ತದೆ. ಸಾಮಾನ್ಯವಾಗಿ 5ರಿಂದ 20 ಮಿಲಿಲೀಟರ್, ಅಂಡ ಬಿಡುಗಡೆಯಾದ ನಂತರ ಇನ್ನಷ್ಟು. ಈ ದ್ರವ ನಿಂತ ನೀರಲ್ಲ. ಉಸಿರಾಟ ಮತ್ತು ಕರುಳಿನ ಚಲನೆಯಿಂದ ಕೆಳಗಿನಿಂದ ಬಲಗಡೆಯಾಗಿ ಮೇಲಕ್ಕೆ, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯ ಕಡೆಗೆ ಹರಿಯುತ್ತಿರುತ್ತದೆ. ವಪೆಯ ಮೇಲೆ ಕಾಣುವ ಎಂಡೊಮೆಟ್ರಿಯೋಸಿಸ್ ಬಹುಪಾಲು ಬಲಗಡೆಯೇ ಇರುವುದಕ್ಕೆ, ಮುಟ್ಟಿನ ಹೊತ್ತಿಗೆ ಕೆಲವರಿಗೆ ಬಲ ಭುಜ ನೋಯುವುದಕ್ಕೆ ಈ ಹರಿವೇ ಕಾರಣವೆಂಬ ವಿವರಣೆ ಇದೆ. ಕೆಳಗೆ, ಗರ್ಭಕೋಶದ ಹಿಂದಿನ ತಗ್ಗಿನಲ್ಲಿ ದ್ರವ ನಿಲ್ಲುತ್ತದೆ. ಅಲ್ಲಿಯೂ ಮಚ್ಚೆಗಳು ಹೆಚ್ಚು. ಮಚ್ಚೆ ಎಂದರೆ ಇಲ್ಲಿ, ತಪ್ಪು ಜಾಗದಲ್ಲಿ ಬೇರುಬಿಟ್ಟ ಒಳಪದರದಂಥ ಅಂಗಾಂಶ. ಕಪ್ಪು, ಕೆಂಪು, ಬಿಳಿ, ಬಣ್ಣವೇ ಇಲ್ಲದ ಗುಳ್ಳೆ, ಎಲ್ಲ ರೂಪದಲ್ಲೂ ಸಿಗುತ್ತದೆ.

ಈ ದ್ರವದಲ್ಲಿರುವ ಕೋಶಗಳಲ್ಲಿ ಬಹುಪಾಲು ಮ್ಯಾಕ್ರೋಫೇಜ್‌ಗಳು. ಕಸ ತಿನ್ನುವುದು ಇವುಗಳ ಕುಲಕಸುಬು. ತಿನ್ನಬೇಕಾದರೆ ಮೊದಲು ಹಿಡಿಯಬೇಕು. ಹಿಡಿಯಲು ಮೈಮೇಲೆ ಕೊಕ್ಕೆಗಳಂಥ ಪ್ರೋಟೀನುಗಳಿರುತ್ತವೆ. ಸಿಡಿ36 ಅಂಥ ಒಂದು ಕೊಕ್ಕೆ. ಎಂಡೊಮೆಟ್ರಿಯೋಸಿಸ್ ಇರುವವರ ಮ್ಯಾಕ್ರೋಫೇಜ್‌ಗಳಲ್ಲಿ ಇದು ಕಡಿಮೆಯಾಗಿರುತ್ತದೆ. ಕಡಿಮೆ ಮಾಡುವುದು ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ, ಅಂದರೆ ಮುಟ್ಟಿನ ನೋವಿಗೆ ಕಾರಣವಾಗುವ ಗುಂಪಿನದೇ ವಸ್ತು. ಕೊಕ್ಕೆ ಹೋದ ಮೇಲೆ ಮ್ಯಾಕ್ರೋಫೇಜ್ ಕಸದ ಮುಂದೆ ಸುಮ್ಮನೆ ಕೂರುವುದಿಲ್ಲ. ಅದಕ್ಕೆ ಇನ್ನೊಂದು ಕಸುಬೂ ಗೊತ್ತು: ಗಾಯ ಕಟ್ಟುವುದು. ಹೊಸ ರಕ್ತನಾಳ ಹುಟ್ಟಿಸುವ ವಿಇಜಿಎಫ್, ಕೋಶ ಬೆಳೆಸುವ ಐಜಿಎಫ್-1, ನಾರು ಕಟ್ಟಿಸುವ ಟಿಜಿಎಫ್-ಬೀಟಾ, ಮತ್ತಷ್ಟು ಕೋಶಗಳನ್ನು ಕೂಗಿ ಕರೆಯುವ ಐಎಲ್-6, ಐಎಲ್-8 ಇವನ್ನೆಲ್ಲ ಸುರಿಸತೊಡಗುತ್ತದೆ. ಅಂಟಿಕೊಂಡ ಚೂರಿಗೆ ಬೇಕಾದದ್ದೂ ಇಷ್ಟೇ.

ಇಲಿಗಳಲ್ಲಿ ಮ್ಯಾಕ್ರೋಫೇಜ್‌ಗಳನ್ನೇ ತೆಗೆದುಹಾಕಿ ನೋಡಿದಾಗ ಒಳಪದರದ ಚೂರುಗಳು ಅಂಟಿಕೊಂಡರೂ ಬೆಳೆಯಲಿಲ್ಲ. ಹಾಗೆಂದು ಎಲ್ಲ ಮ್ಯಾಕ್ರೋಫೇಜ್‌ಗಳೂ ಒಂದೇ ಪಕ್ಷದವಲ್ಲ. ಬ್ರಿಟನ್ನಿನ ಸಂಶೋಧಕರು 2021ರಲ್ಲಿ, ಇಲಿಗಳಲ್ಲೇ, ಮಚ್ಚೆಯೊಳಗಿನ ಮ್ಯಾಕ್ರೋಫೇಜ್‌ಗಳು ಮೂರು ಕಡೆಯಿಂದ ಬಂದಿರುತ್ತವೆ ಎಂದು ತೋರಿಸಿದರು: ಕೆಲವು ಒಳಪದರದ ಚೂರಿನ ಜೊತೆಗೇ ಬಂದವು, ಕೆಲವು ಕಿಬ್ಬೊಟ್ಟೆಯ ದ್ರವದಲ್ಲಿ ಮೊದಲಿನಿಂದ ನೆಲೆಸಿದ್ದವು, ಇನ್ನು ಕೆಲವು ರಕ್ತದಿಂದ ಹೊಸದಾಗಿ ಇಳಿದವು. ಚೂರಿನ ಜೊತೆ ಬಂದವು ಮಚ್ಚೆಯನ್ನು ಬೆಳೆಸುತ್ತಿದ್ದವು. ರಕ್ತದಿಂದ ಬಂದವು ಅದನ್ನು ತಡೆಯಲು ನೋಡುತ್ತಿದ್ದವು. ಆದ್ದರಿಂದ ಮ್ಯಾಕ್ರೋಫೇಜ್‌ಗಳನ್ನು ಸಗಟಾಗಿ ಸಾಯಿಸುವ ಔಷಧ ಪರಿಹಾರವಾಗದು. ಸೋಂಕಿನಿಂದ ಕಾಯುವವೂ ಅವೇ ಅಲ್ಲವೇ? ಇನ್ನೊಂದು ಮಾತು: ಪ್ರಯೋಗಶಾಲೆಯ ಸಾಮಾನ್ಯ ಇಲಿಗಳಿಗೆ ಮುಟ್ಟಾಗುವುದಿಲ್ಲ. ಅವುಗಳಲ್ಲಿ ಈ ಕಾಯಿಲೆಯನ್ನು ಕೃತಕವಾಗಿ ತರಿಸಬೇಕು. ‘ಇಲಿಗಳಲ್ಲಿ ಯಶಸ್ವಿ’ ಎಂಬ ಸುದ್ದಿ ಓದುವಾಗ ಇದು ನೆನಪಿರಲಿ.

ಮ್ಯಾಕ್ರೋಫೇಜ್‌ಗೆ ಇನ್ನೊಂದು ತಲೆನೋವು ಕಬ್ಬಿಣ. ಒಳಗೆ ಸುರಿದ ರಕ್ತದ ಕೆಂಪುಕಣಗಳನ್ನು ತಿಂದಾಗ ಹಿಮೋಗ್ಲೋಬಿನ್‌ನಿಂದ ಕಬ್ಬಿಣ ಹೊರಬರುತ್ತದೆ. ಅದನ್ನು ಫೆರಿಟಿನ್, ಹಿಮೋಸಿಡೆರಿನ್ ಎಂಬ ಡಬ್ಬಿಗಳಲ್ಲಿ ತುಂಬಿಡಬೇಕು. ಲ್ಯಾಪರೋಸ್ಕೋಪಿಯಲ್ಲಿ ಕಾಣುವ ಕಂದು ಕಲೆ ಈ ಹಿಮೋಸಿಡೆರಿನ್ನೇ. ಡಬ್ಬಿ ತುಂಬಿ ಮಿಕ್ಕಿದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಸುತ್ತಲಿನ ಕೋಶಗಳನ್ನು ಸುಡುವ ಕಣಗಳನ್ನು ಹುಟ್ಟಿಸುತ್ತದೆ. ಸುಟ್ಟ ಜಾಗ ಮತ್ತೊಂದು ಗಾಯ, ಮತ್ತೊಂದು ಕರೆ, ಮತ್ತಷ್ಟು ಆಳುಗಳು. ಅಂಡಾಶಯದ ‘ಚಾಕೊಲೇಟ್ ಸಿಸ್ಟ್’ನೊಳಗಿನ ಹಳೇ ರಕ್ತದಲ್ಲಿ ಈ ಕಬ್ಬಿಣ ಬೇರೆ ಬಗೆಯ ಸಿಸ್ಟ್‌ಗಳಿಗಿಂತ ಬಹಳ ಹೆಚ್ಚು, ಪಕ್ಕದ ಅಂಡಗಳಿಗೆ ಹಾನಿಯಾಗುವ ದಾರಿಗಳಲ್ಲಿ ಇದೂ ಒಂದು. ಹಾಗೆಂದು ರಕ್ತಹೀನತೆಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಬಿಡಬೇಡಿ. ಈ ಕಬ್ಬಿಣ ಬರುವುದು ಒಳಗೆ ಒಸರಿದ ರಕ್ತದಿಂದ, ಮಾತ್ರೆಯಿಂದಲ್ಲ.

ಕೊಲ್ಲಬೇಕಾದವು ಏಕೆ ಕೊಲ್ಲುವುದಿಲ್ಲ

ನ್ಯಾಚುರಲ್ ಕಿಲ್ಲರ್, ಚಿಕ್ಕದಾಗಿ ಎನ್‌ಕೆ ಕೋಶಗಳು, ಜಾಗ ತಪ್ಪಿದ ಅಥವಾ ಕೆಟ್ಟ ಕೋಶಗಳನ್ನು ಪತ್ತೆಹಚ್ಚಿ ಕೊಲ್ಲುತ್ತವೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ 1991ರಲ್ಲಿ, ಎಂಡೊಮೆಟ್ರಿಯೋಸಿಸ್ ಇದ್ದವರ ಎನ್‌ಕೆ ಕೋಶಗಳನ್ನೂ ಅವರದೇ ಗರ್ಭಕೋಶದ ಒಳಪದರದ ಕೋಶಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಕೊಲ್ಲುವ ಕೆಲಸ ನಿಧಾನವಾಗಿತ್ತು.

ಕಾರಣ ಒಂದಲ್ಲ. ಎನ್‌ಕೆ ಕೋಶ ಕೊಲ್ಲಬೇಕಾದರೆ ಎದುರಿನ ಕೋಶವನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು, ಅದಕ್ಕೆ ಐಕ್ಯಾಮ್-1 ಎಂಬ ಹಿಡಿಕೆ ಬೇಕು. ಒಳಪದರದ ಕೋಶಗಳು ಈ ಹಿಡಿಕೆಯನ್ನು ಕಳಚಿ ದ್ರವದೊಳಕ್ಕೆ ತೇಲಿಬಿಡುತ್ತವೆ. ತೇಲುವ ಹಿಡಿಕೆಗಳೇ ಎನ್‌ಕೆ ಕೋಶದ ಕೈ ತುಂಬಿದರೆ ನಿಜವಾದ ಕೋಶವನ್ನು ಹಿಡಿಯಲು ಕೈ ಎಲ್ಲಿ? ಜೊತೆಗೆ, ‘ಇವನು ನಮ್ಮವನೇ, ಬಿಡು’ ಎಂದು ಹೇಳುವ ತಡೆಗುಂಡಿಗಳು ಈ ಎನ್‌ಕೆ ಕೋಶಗಳ ಮೈಮೇಲೆ ಹೆಚ್ಚಾಗಿರುತ್ತವೆ. ಮ್ಯಾಕ್ರೋಫೇಜ್ ಸುರಿಸುವ ಟಿಜಿಎಫ್-ಬೀಟಾ ಕೂಡ ಎನ್‌ಕೆ ಕೋಶಗಳನ್ನು ಮಂಪರಿಗೆ ತಳ್ಳುತ್ತದೆ.

ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿರಕ್ತಕಣಗಳ ಕಥೆ ಇನ್ನೂ ಗೋಜಲು. ಉರಿಯೂತ ಹೆಚ್ಚಿಸುವ ಟಿಎಚ್17 ಬಗೆಯವೂ ಹೆಚ್ಚು, ಉರಿಯೂತ ತಣಿಸುವ ಟಿ-ರೆಗ್ ಬಗೆಯವೂ ಹೊಟ್ಟೆಯ ದ್ರವದಲ್ಲಿ ಹೆಚ್ಚು. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ ಇಟ್ಟಂತೆ. ಅಧ್ಯಯನದಿಂದ ಅಧ್ಯಯನಕ್ಕೆ ಫಲಿತಾಂಶ ಬದಲಾಗುವುದೂ ಇಲ್ಲಿಯೇ ಹೆಚ್ಚು. ಬಿ ಕೋಶಗಳು ಒಳಪದರದ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸಿರುವುದು ಕೆಲವರಲ್ಲಿ ಕಂಡಿದೆ. ಹಾಗಾದರೆ ಇದು ಲೂಪಸ್ ಅಥವಾ ರೂಮಟಾಯ್ಡ್ ಸಂಧಿವಾತದಂಥ, ದೇಹ ತನ್ನ ಮೇಲೆ ತಾನೇ ಎರಗುವ ಸ್ವಯಂನಿರೋಧಕ ಕಾಯಿಲೆಯೇ? ಸದ್ಯಕ್ಕೆ ಹಾಗೆ ಕರೆಯುವಂತಿಲ್ಲ. ಆ ಪ್ರತಿಕಾಯಗಳೇ ಕಾಯಿಲೆ ಹುಟ್ಟಿಸುತ್ತವೆ ಎಂಬುದಕ್ಕೆ ಪುರಾವೆಯಿಲ್ಲ. ಆದರೆ ನಂಟು ಇದೆ: ಬ್ರಿಟನ್ನಿನ ಲಕ್ಷಾಂತರ ಜನರ ಆರೋಗ್ಯ ದಾಖಲೆಗಳ ಕಣಜವಾದ ಯುಕೆ ಬಯೋಬ್ಯಾಂಕ್‌ನ ಮಾಹಿತಿ ಇಟ್ಟುಕೊಂಡು 2025ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಅಧ್ಯಯನದಲ್ಲಿ, ಎಂಡೊಮೆಟ್ರಿಯೋಸಿಸ್ ಇರುವವರಿಗೆ ರೂಮಟಾಯ್ಡ್ ಸಂಧಿವಾತ, ಸೀಲಿಯಾಕ್, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥವು ಬರುವ ಸಾಧ್ಯತೆ ಶೇಕಡಾ 30ರಿಂದ 80ರಷ್ಟು ಹೆಚ್ಚು ಕಂಡಿತು. ಮೂಲ ಸಾಧ್ಯತೆಯೇ ಚಿಕ್ಕದು, ಆದ್ದರಿಂದ ಹೆದರಬೇಕಿಲ್ಲ. ಆದರೆ ಬೆಳಗ್ಗೆ ಎದ್ದಾಗ ಬೆರಳ ಗಂಟುಗಳು ಅರ್ಧ ಗಂಟೆಗೂ ಮೀರಿ ಬಿಗಿದಿದ್ದರೆ ‘ಅದೂ ಎಂಡೊ ನೋವೇ’ ಎಂದು ತಳ್ಳಿಹಾಕದೆ ಬೇರೆಯಾಗಿ ತೋರಿಸಬೇಕು.

ಹಾರ್ಮೋನನ್ನು ಬಿಟ್ಟು ಈ ಲೆಕ್ಕ ಪೂರ್ತಿಯಾಗದು. ಮಚ್ಚೆ ತನಗೆ ಬೇಕಾದ ಈಸ್ಟ್ರೋಜನ್ನನ್ನು ಅಂಡಾಶಯದಿಂದ ಪಡೆಯುವುದಲ್ಲದೆ, ಅರೋಮಟೇಸ್ ಎಂಬ ಕಿಣ್ವದಿಂದ ತಾನೇ ತಯಾರಿಸಿಕೊಳ್ಳುತ್ತದೆ. ಅರೋಮಟೇಸನ್ನು ಎಬ್ಬಿಸುವುದು ಮೇಲೆ ಹೇಳಿದ ಪ್ರೊಸ್ಟಗ್ಲಾಂಡಿನ್ ಇ2. ಹುಟ್ಟಿದ ಈಸ್ಟ್ರೋಜನ್ ಕಾಕ್ಸ್-2 ಕಿಣ್ವವನ್ನು ಎಬ್ಬಿಸುತ್ತದೆ, ಕಾಕ್ಸ್-2 ಮತ್ತಷ್ಟು ಪ್ರೊಸ್ಟಗ್ಲಾಂಡಿನ್ ತಯಾರಿಸುತ್ತದೆ, ಅದು ಮ್ಯಾಕ್ರೋಫೇಜ್‌ನ ಕೊಕ್ಕೆ ಕಳಚುತ್ತದೆ. ಗಾಣದ ಎತ್ತಿನ ಸುತ್ತು. ಈ ಸುತ್ತನ್ನು ತಣಿಸಬೇಕಾದ ಪ್ರೊಜೆಸ್ಟರೋನ್‌ಗೆ ಮಚ್ಚೆಯ ಕೋಶಗಳು ಸರಿಯಾಗಿ ಕಿವಿಗೊಡುವುದಿಲ್ಲ.

ನೋವು ಮತ್ತು ಬಸಿರು

ಮಚ್ಚೆ ಎಷ್ಟು ದೊಡ್ಡದೋ ನೋವು ಅಷ್ಟು ಎಂಬ ಲೆಕ್ಕ ಈ ಕಾಯಿಲೆಯಲ್ಲಿ ನಡೆಯುವುದಿಲ್ಲ. ನಾಲ್ಕನೇ ಹಂತದ ಸಿಸ್ಟ್ ಇಟ್ಟುಕೊಂಡು ಆರಾಮಾಗಿ ಓಡಾಡುವವರಿದ್ದಾರೆ, ಎರಡು ಮಿಲಿಮೀಟರಿನ ಮಚ್ಚೆಗಳಿಗೆ ನೆಲ ಹಿಡಿದವರಿದ್ದಾರೆ. ವ್ಯತ್ಯಾಸದ ಒಂದು ಭಾಗ ಇರುವುದು ನರಗಳಲ್ಲಿ. ಮಚ್ಚೆಯೊಳಕ್ಕೆ ಹೊಸ ನರದ ಎಳೆಗಳು ಬೆಳೆದು ಬರುತ್ತವೆ, ಮ್ಯಾಕ್ರೋಫೇಜ್‌ಗಳು ಅವುಗಳ ಸುತ್ತಲೇ ಗುಂಪುಗೂಡಿರುತ್ತವೆ. ನರದ ಎಳೆಗಳು ಮ್ಯಾಕ್ರೋಫೇಜ್‌ಗಳನ್ನು ಕರೆಯುತ್ತವೆ, ಮ್ಯಾಕ್ರೋಫೇಜ್‌ಗಳ ಐಜಿಎಫ್-1 ನರಗಳನ್ನು ಬೆಳೆಸಿ ಸೂಕ್ಷ್ಮಗೊಳಿಸುತ್ತದೆ. ಗುದನಾಳದ ಕಡೆಗೆ ಆಳವಾಗಿ ಇಳಿದ ಗಂಟುಗಳಲ್ಲಿ ಮಾಸ್ಟ್ ಕೋಶಗಳೂ ನರಕ್ಕೆ ಅಂಟಿಕೊಂಡಂತೆ ಇರುತ್ತವೆ. ಅಲರ್ಜಿಯಲ್ಲಿ ತುರಿಕೆ ಎಬ್ಬಿಸುವ ಹಿಸ್ಟಮಿನ್, ಟ್ರಿಪ್ಟೇಸ್ ತುಂಬಿದ ಕೋಶಗಳಿವು. ವರ್ಷಗಟ್ಟಲೆ ಹೀಗೆ ಕೆರಳಿದ ನರಗಳ ಸುದ್ದಿ ಕೇಳಿ ಕೇಳಿ ಬೆನ್ನುಹುರಿ, ಮಿದುಳೂ ಸೂಕ್ಷ್ಮವಾಗುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಮಚ್ಚೆ ತೆಗೆದ ಮೇಲೂ ಕೆಲವರ ನೋವು ಪೂರ್ತಿ ಹೋಗದಿರುವುದಕ್ಕೆ ಇದೂ ಒಂದು ಕಾರಣ. ನೋವು ‘ಮನಸ್ಸಿನದ್ದು’ ಎಂದು ಅರ್ಥವಲ್ಲ.

ಬಸಿರಿನ ವಿಷಯದಲ್ಲಿ ಒಂದು ವಿಪರ್ಯಾಸವಿದೆ. ಚೂರುಗಳನ್ನು ತಿನ್ನಲಾರದ ಮ್ಯಾಕ್ರೋಫೇಜ್‌ಗಳು, ಪ್ರಯೋಗಶಾಲೆಯಲ್ಲಿ ವೀರ್ಯಾಣುಗಳನ್ನು ಹೆಚ್ಚು ತಿಂದುಹಾಕಿದ್ದು 1982ರಲ್ಲೇ ದಾಖಲಾಗಿದೆ. ಉರಿಯೂತದ ದ್ರವ, ಅಂಟಿಕೊಂಡ ನಾಳಗಳು, ಅಂಡಗಳಿಗಾದ ಹಾನಿ ಇವೂ ಸೇರುತ್ತವೆ. ‘ಮಗುವಾದರೆ ಎಲ್ಲ ಸರಿಹೋಗುತ್ತದೆ’ ಎಂಬ ಮನೆಮಾತಿಗೆ ಮಾತ್ರ ಆಧಾರವಿಲ್ಲ. ಬಸಿರಿನಲ್ಲಿ ಮುಟ್ಟು ನಿಂತು ಪ್ರೊಜೆಸ್ಟರೋನ್ ಏರುವುದರಿಂದ ಕೆಲವರಿಗೆ ಆರಾಮ ಸಿಗುತ್ತದೆ, ಮುಟ್ಟು ಮರಳಿದಾಗ ನೋವೂ ಮರಳಬಹುದು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಸ್ಥೆಯಾದ ಇಎಸ್‌ಎಚ್‌ಆರ್‌ಇಯ 2022ರ ಮಾರ್ಗಸೂಚಿ, ಕಾಯಿಲೆಗೆ ಚಿಕಿತ್ಸೆಯೆಂದು ಬಸಿರಾಗಲು ಹೇಳಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ಔಷಧವೇಕೆ ಇಲ್ಲ

ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವಾಹಕ ಹೊಟ್ಟೆಯ ದ್ರವದಲ್ಲಿ ಹೆಚ್ಚಿರುತ್ತದೆ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್ ಇದೆ. ಅದನ್ನೇ ಇಲ್ಲಿಯೂ ಕೊಟ್ಟರೆ? ಅದೇ ಲ್ಯೂವೆನ್‌ನ ವೈದ್ಯರು ಆಳವಾದ ಗಂಟುಗಳಿದ್ದ 21 ಮಹಿಳೆಯರ ಮೇಲೆ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ಸುಮಾರು ಶೇಕಡಾ 30ರಷ್ಟು ಇಳಿದಿತ್ತು, ಆದರೆ ಔಷಧವಿಲ್ಲದ ಡ್ರಿಪ್ ಪಡೆದವರಲ್ಲೂ ಅಷ್ಟೇ ಇಳಿದಿತ್ತು. ಏಕೆ ಸೋತಿತು ಎನ್ನುವುದಕ್ಕೆ ಮುಂದೆ ಒಂದು ಸುಳಿವು ಸಿಕ್ಕಿತು: ಟಿಎನ್‌ಎಫ್ ಸಾಮಾನ್ಯವಾಗಿ ಕೆಟ್ಟ ಕೋಶಕ್ಕೆ ‘ಸಾಯಿ’ ಎಂದೂ ಹೇಳುತ್ತದೆ. ಮಚ್ಚೆಯಲ್ಲಿ ಹೇರಳವಾಗಿರುವ, ಈಸ್ಟ್ರೋಜನ್ನನ್ನು ಹಿಡಿಯುವ ‘ಈಸ್ಟ್ರೋಜನ್ ಗ್ರಾಹಿ ಬೀಟಾ’ ಎಂಬ ಪ್ರೋಟೀನು ಆ ಆಜ್ಞೆಯನ್ನು ನಡುದಾರಿಯಲ್ಲೇ ತಡೆಯುತ್ತದೆ. ಟಿಎನ್‌ಎಫ್ ತೆಗೆದರೂ ಬಿಟ್ಟರೂ ಮಚ್ಚೆ ಸಾಯುವುದಿಲ್ಲ. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಇದೆ. ಸುಪ್ತ ಕ್ಷಯವನ್ನು ದೇಹ ಬಂಧಿಸಿಡುವುದೇ ಟಿಎನ್‌ಎಫ್ ನೆರವಿನಿಂದ. ಅದನ್ನು ತಡೆದರೆ ಕ್ಷಯ ಎದ್ದು ಕೂರಬಹುದು.

ಈಗಿನ ಹೊಸ ದಾರಿಗಳಲ್ಲಿ ಎರಡು ಗಮನಾರ್ಹ. ಜಪಾನಿನಲ್ಲಿ ಐಎಲ್-8ನ್ನು ತಡೆಯುವ ಪ್ರತಿಕಾಯವನ್ನು ಎಂಡೊಮೆಟ್ರಿಯೋಸಿಸ್ ಇದ್ದ ಕೋತಿಗಳಿಗೆ ಕೊಟ್ಟಾಗ ಮಚ್ಚೆಯೂ ನಾರೂ ತಗ್ಗಿದ್ದು 2023ರಲ್ಲಿ ಪ್ರಕಟವಾಯಿತು. ಕೋತಿಗಳಿಗೆ ಮನುಷ್ಯರಂತೆ ಮುಟ್ಟಾಗುತ್ತದೆ, ಹಾಗಾಗಿ ಇದರ ತೂಕ ಇಲಿಯ ಅಧ್ಯಯನಕ್ಕಿಂತ ಹೆಚ್ಚು. ಅದೇ ವರ್ಷ ನಗೋಯಾದ ಸಂಶೋಧಕರು ರೋಗಿಗಳಲ್ಲಿ ಶೇಕಡಾ 64ರಷ್ಟು ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕಂಡರು. ಕಾಯಿಲೆ ಇಲ್ಲದವರಲ್ಲಿ ಅದು ಶೇಕಡಾ 10ಕ್ಕೂ ಕಡಿಮೆ. ಈ ಬ್ಯಾಕ್ಟೀರಿಯಾ ಮ್ಯಾಕ್ರೋಫೇಜ್‌ಗಳನ್ನು ಕೆರಳಿಸಿ ಟಿಜಿಎಫ್-ಬೀಟಾ ಸುರಿಸುವಂತೆ ಮಾಡುತ್ತದೆ ಎಂಬುದು ಅವರ ವಿವರಣೆ. ಇದನ್ನು ಓದಿ ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗುವುದು ಬೇಡ. ಅವರು ಔಷಧ ಕೊಟ್ಟು ಗುಣ ಕಂಡದ್ದು ಇಲಿಗಳಲ್ಲಿ.

ಸದ್ಯಕ್ಕೆ ಕೈಯಲ್ಲಿರುವ ಔಷಧಗಳು ರೋಗನಿರೋಧಕ ಕೋಶಗಳನ್ನು ಬಳಸುದಾರಿಯಲ್ಲಿ ಮುಟ್ಟುತ್ತವೆ. ಮೆಫೆನಮಿಕ್ ಆ್ಯಸಿಡ್, ನ್ಯಾಪ್ರೋಕ್ಸೆನ್‌ನಂಥವು ಕಾಕ್ಸ್ ತಡೆದು ಪ್ರೊಸ್ಟಗ್ಲಾಂಡಿನ್ ಹುಟ್ಟದಂತೆ ಮಾಡುತ್ತವೆ. ಈಗಾಗಲೇ ಹುಟ್ಟಿದ್ದನ್ನು ಅವು ತೆಗೆಯಲಾರವು. ಅದಕ್ಕೇ ನೋವು ತಾರಕಕ್ಕೇರಿದ ಮೇಲೆ ನುಂಗಿದರೆ ‘ಮಾತ್ರೆ ಕೆಲಸ ಮಾಡಲಿಲ್ಲ’ ಅನಿಸುತ್ತದೆ. ನೋವು ಶುರುವಾಗುವ ಸೂಚನೆ ಸಿಕ್ಕ ಕೂಡಲೇ, ಊಟವಾದ ಮೇಲೆ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಅಸ್ತಮಾ ಇದ್ದವರು ವೈದ್ಯರಿಗೆ ಮೊದಲೇ ಹೇಳಬೇಕು. ದಿನಕ್ಕೆ 2 ಮಿಲಿಗ್ರಾಂನ ಡೈನೊಜೆಸ್ಟ್ (ಪ್ರೊಜೆಸ್ಟರೋನ್ ಬಗೆಯ ಮಾತ್ರೆ), ಗರ್ಭಕೋಶದೊಳಗಿಡುವ ಲೆವೊನಾರ್‌ಜೆಸ್ಟ್ರೆಲ್ ಸಾಧನ, ಬಿಡುವಿಲ್ಲದೆ ತೆಗೆದುಕೊಳ್ಳುವ ಹಾರ್ಮೋನ್ ಮಾತ್ರೆ ಇವೆಲ್ಲ ಒಳಪದರವನ್ನು ತೆಳುವಾಗಿಸಿ ಮುಟ್ಟನ್ನು ಕಡಿಮೆ ಮಾಡುತ್ತವೆ ಅಥವಾ ನಿಲ್ಲಿಸುತ್ತವೆ. ತಿಂಗಳ ಗಾಯ ಕಡಿಮೆಯಾದಷ್ಟೂ ಆಳುಗಳಿಗೆ ಕರೆ ಹೋಗುವುದು ಕಡಿಮೆ. ಡೈನೊಜೆಸ್ಟ್ ಶುರುಮಾಡಿದ ಮೊದಲ ಕೆಲವು ತಿಂಗಳು ಆಗಾಗ ಸ್ವಲ್ಪ ರಕ್ತ ಕಾಣುವುದು ಸಾಮಾನ್ಯ. ಬಹಳ ಮಂದಿ ಮಾತ್ರೆ ಬಿಡುವುದು ಆಗಲೇ, ಫಲ ಕಾಣುವ ಮೊದಲೇ. ಶಸ್ತ್ರಚಿಕಿತ್ಸೆಯ ನಂತರ ಏನೂ ತೆಗೆದುಕೊಳ್ಳದಿದ್ದರೆ ಐದು ವರ್ಷದಲ್ಲಿ ಶೇಕಡಾ 40ರಿಂದ 50ರಷ್ಟು ಮಂದಿಗೆ ಮರುಕಳಿಸುತ್ತದೆ ಎಂಬ ಅಂದಾಜಿದೆ. ಮಚ್ಚೆ ಹೋದರೂ ಹೊಟ್ಟೆಯೊಳಗಿನ ವಾತಾವರಣ ಹಾಗೆಯೇ ಉಳಿದಿರುತ್ತದೆ.

ಪರೀಕ್ಷೆಗಳ ವಿಷಯದಲ್ಲಿ ದುಡ್ಡು ಪೋಲಾಗುವುದು ಹೆಚ್ಚು. ಸಿಎ-125 ಎಂಬ ಪ್ರೋಟೀನಿನ ರಕ್ತಪರೀಕ್ಷೆ 35 ಯುನಿಟ್ ದಾಟಿದರೆ ಎಂಡೊಮೆಟ್ರಿಯೋಸಿಸ್ ಎಂದಲ್ಲ, ದಾಟದಿದ್ದರೆ ಇಲ್ಲ ಎಂದೂ ಅಲ್ಲ. ಫೈಬ್ರಾಯ್ಡ್, ಮುಟ್ಟು, ಹೊಟ್ಟೆಯ ಕ್ಷಯ ಎಲ್ಲದರಲ್ಲೂ ಅದು ಏರುತ್ತದೆ. ಕಿಬ್ಬೊಟ್ಟೆಯ ಕ್ಷಯ ನೋವಿನಲ್ಲೂ ಅಂಟುವಿಕೆಯಲ್ಲೂ ಎಂಡೊಮೆಟ್ರಿಯೋಸಿಸ್‌ನ ವೇಷ ಹಾಕಬಲ್ಲದು, ಆದ್ದರಿಂದ ಸಂಜೆಯ ಜ್ವರ, ತೂಕ ಇಳಿಕೆ ಇದ್ದರೆ ಅದನ್ನು ಮರೆಯಬಾರದು. ಐವಿಎಫ್ ಸಮಯದಲ್ಲಿ ಕೆಲವೆಡೆ ಬರೆದುಕೊಡುವ ಎನ್‌ಕೆ ಕೋಶಗಳ ರಕ್ತಪರೀಕ್ಷೆಯೂ ಅಷ್ಟೇ: ತೋಳಿನ ರಕ್ತದ ಎನ್‌ಕೆ ಕೋಶಗಳೇ ಬೇರೆ, ಗರ್ಭಕೋಶದೊಳಗಿನವೇ ಬೇರೆ, ಮೊದಲನೆಯದನ್ನು ಎಣಿಸಿ ಎರಡನೆಯದರ ಬಗ್ಗೆ ಹೇಳಲಾಗದು. ಸ್ಕ್ಯಾನಿಂಗ್‌ನಲ್ಲಿ ಚಾಕೊಲೇಟ್ ಸಿಸ್ಟ್ ಮತ್ತು ಆಳವಾದ ಗಂಟುಗಳು ಅನುಭವಿಗಳ ಕಣ್ಣಿಗೆ ಬೀಳುತ್ತವೆ, ಪೊರೆಯ ಮೇಲಿನ ತೆಳು ಮಚ್ಚೆಗಳು ಬೀಳುವುದಿಲ್ಲ. ‘ಸ್ಕ್ಯಾನ್ ನಾರ್ಮಲ್’ ಎಂಬ ವರದಿ ಹಿಡಿದು ನೋವು ಸುಳ್ಳೆಂದು ತೀರ್ಮಾನಿಸುವಂತಿಲ್ಲ. ಇಎಸ್‌ಎಚ್‌ಆರ್‌ಇ ಈಗ ಲಕ್ಷಣಗಳನ್ನು ನೋಡಿ, ಲ್ಯಾಪರೋಸ್ಕೋಪಿಗೆ ಕಾಯದೆಯೇ ಔಷಧ ಶುರುಮಾಡಲು ಅವಕಾಶ ಕೊಡುತ್ತದೆ.

ಇನ್ನು ಇಮ್ಯೂನಿಟಿ ಬೂಸ್ಟರ್ ಎಂದು ಮಾರುವ ಪುಡಿ, ಕಷಾಯ, ಸಿರಪ್‌ಗಳು. ಅವು ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆಯೋ ಇಲ್ಲವೋ ಅದು ಬೇರೆ ಮಾತು. ಹೆಚ್ಚಿಸುವುದೇ ನಿಜವಾದರೆ, ಈ ಹೊಲಕ್ಕೆ ಇನ್ನಷ್ಟು ಆಳುಗಳನ್ನು ಯಾರು ಕರೆಸುತ್ತಾರೆ?